ಬಾಗಬೇಕಿದ್ದ ಗೆರೆ

ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಮೂಡುತ್ತಿದ್ದವು. ಎಡಗಡೆ ದ್ರವ್ಯದ ಸಾಂದ್ರತೆ, ಬಲಗಡೆ ಆ ಸಾಂದ್ರತೆಯಲ್ಲಿ ಆಕ್ಸಿಯಾನ್ ಕಣಗಳು ಹೊತ್ತೊಯ್ಯುವ ಶಕ್ತಿ. ಕರೆಂಟು ಹೋಗುವ ಮುಂಚೆ ಎಷ್ಟು ಸಿಕ್ಕುತ್ತದೋ ಅಷ್ಟನ್ನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದೆ. ಚುಕ್ಕಿಗಳು ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗುತ್ತಿದ್ದವು. ನನಗೆ ಖುಷಿಯೋ ಖುಷಿ. ಬೆನ್ನ ಹಿಂದೆ ನಿಂತಿದ್ದ ನಾಗಮಂಗಲದ ಮೇಷ್ಟ್ರು ಬಗ್ಗಿ ಹಾಳೆ ನೋಡಿದರು. "ಇದು ಸುಳ್ಳು ಕಣೇಳಿ ಮೇಡಂ," ಅಂದರು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನು ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಮನೆ ಶ್ರೀರಂಗಪಟ್ಟಣದಲ್ಲಿ. ಗಂಡನಿಗೆ ಕೆ.ಆರ್.ಎಸ್.ನ ನೀರಾವರಿ ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಅವರು ಒಂದು ದಿಕ್ಕಿನ ಬಸ್ಸು ಹತ್ತಿದರೆ ನಾನು ಇನ್ನೊಂದು ದಿಕ್ಕಿನದು. ಮೇಷ್ಟ್ರು ನಾಗಮಂಗಲದ ಕಾಲೇಜಿನಲ್ಲಿ ಅದೇ ವಿಷಯ ಹೇಳಿಕೊಡುತ್ತಿದ್ದವರು. ಪಾಠದ ಕೆಲಸ ಬಿಡದೆ ಇಬ್ಬರೂ ಮೈಸೂರಿನ ಒಬ್ಬರೇ ಪ್ರೊಫೆಸರ ಕೈಕೆಳಗೆ ಪಿಎಚ್.ಡಿ.ಗೆ ಸೇರಿಕೊಂಡಿದ್ದೆವು. ಪಾಂಡವಪುರ ಇಬ್ಬರಿಗೂ ನಡುವೆ ಬೀಳುವ ಊರು. ಅಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದವರೊಬ್ಬರು ಹೊಸದಾಗಿ ಎರಡು ಕಂಪ್ಯೂಟರ್ ತಂದು ತರಬೇತಿ ಶುರುಮಾಡಿದ್ದರು. ಭಾನುವಾರ ಹುಡುಗರು ಬರುತ್ತಿರಲಿಲ್ಲವಾದ್ದರಿಂದ ಒಂದು ಯಂತ್ರವನ್ನು ನಮಗೆ ಬಿಟ್ಟುಕೊಡುತ್ತಿದ್ದರು.

ಆಕ್ಸಿಯಾನ್ ಕಣವನ್ನು ಯಾರೂ ಕಂಡಿಲ್ಲ. ಇರಬೇಕು ಎಂದು ಒಂದು ಸಿದ್ಧಾಂತ ಹೇಳುತ್ತದೆ, ಅಷ್ಟೆ. ಇದ್ದರೆ ಅದು ಬಹಳ ಹಗುರ, ಯಾವುದರ ಗೊಡವೆಗೂ ಹೋಗದೆ ಎಲ್ಲವನ್ನೂ ಹಾದು ಹೋಗಿಬಿಡುವಂಥದ್ದು. ಹಾಗಿದ್ದ ಮೇಲೆ ಅದನ್ನು ಹುಡುಕುವುದು ಎಲ್ಲಿ? ೧೯೮೭ರಲ್ಲಿ ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯೊಂದರಲ್ಲಿ ದೊಡ್ಡ ನಕ್ಷತ್ರವೊಂದು ಸಿಡಿದಿತ್ತು. ಅದರ ತಿರುಳು ಕುಸಿದು, ಪರಮಾಣುವಿನ ಬೀಜಕೇಂದ್ರಕ್ಕಿಂತಲೂ ದಟ್ಟವಾದ, ಕುದಿಯುವ ಉಂಡೆಯಾಯಿತು. ಆ ಉಂಡೆ ತಣ್ಣಗಾಗುವಾಗ ಹೊರಬಂದ ನ್ಯೂಟ್ರಿನೊ ಕಣಗಳು ಭೂಮಿಯ ಮೇಲೆ ಹತ್ತು ಸೆಕೆಂಡುಗಳಷ್ಟು ಕಾಲ ಸಿಕ್ಕಿದ್ದವು. ಆಕ್ಸಿಯಾನ್ ಕೂಡ ಅಲ್ಲಿ ಹುಟ್ಟಿ ಶಕ್ತಿಯನ್ನು ಬಾಚಿಕೊಂಡು ಹೋಗಿದ್ದರೆ ಉಂಡೆ ಬೇಗ ತಣಿದು ನ್ಯೂಟ್ರಿನೊಗಳು ಬೇಗ ನಿಂತುಹೋಗಬೇಕಿತ್ತು. ನಿಲ್ಲಲಿಲ್ಲ. ಆದ್ದರಿಂದ ಆಕ್ಸಿಯಾನ್ ಬೇರೆ ಕಣಗಳ ಜೊತೆ ಬೆರೆಯುವ ಬಲ ಇಂಥ ಮಿತಿಯನ್ನು ಮೀರಿರಲಾರದು ಎಂದು ಹೇಳಬಹುದು. ಆ ಮಿತಿಯನ್ನು ಎಲ್ಲಿ ಎಳೆಯಬೇಕು ಎಂಬುದೇ ನಮ್ಮ ಕೆಲಸ. ಅದಕ್ಕೆ ಅಷ್ಟು ದಟ್ಟವಾದ ದ್ರವ್ಯದೊಳಗೆ ಆಕ್ಸಿಯಾನ್ ಎಷ್ಟು ಹುಟ್ಟುತ್ತದೆ ಎಂದು ಲೆಕ್ಕ ಹಾಕಬೇಕಿತ್ತು.

ಎರಡು ನ್ಯೂಟ್ರಾನ್‌ಗಳು ಡಿಕ್ಕಿ ಹೊಡೆದಾಗ ಅವುಗಳ ಸ್ಪಿನ್, ಎಂದರೆ ಒಳಗಿನ ತಿರುಗಣೆಯ ದಿಕ್ಕು, ಅಲುಗಾಡುತ್ತದೆ. ಆ ಅಲುಗಾಟದಲ್ಲಿ ಒಂದು ಆಕ್ಸಿಯಾನ್ ಹೊರಬೀಳಬಹುದು. ಸಾಂದ್ರತೆ ಎರಡರಷ್ಟಾದರೆ ಡಿಕ್ಕಿಗಳು ನಾಲ್ಕರಷ್ಟಾಗುತ್ತವೆ. ಹಾಗಾಗಿ ಆಕ್ಸಿಯಾನ್‌ಗಳೂ ನಾಲ್ಕರಷ್ಟು. ಎಲ್ಲರೂ ಬಳಸುತ್ತಿದ್ದದ್ದು ಈ ಸೂತ್ರವನ್ನೇ. ಡಿಕ್ಕಿಯ ಬೀಜಗಣಿತ ಮೇಷ್ಟ್ರ ಪಾಲು, ಅದನ್ನು ಪ್ರೋಗ್ರಾಂ ಮಾಡಿ ಅಂಕಿ ತೆಗೆಯುವುದು ನನ್ನ ಪಾಲು. ನಡುವೆ ಕರೆಂಟು ಹೋದರೆ ಅಲ್ಲಿಯವರೆಗಿನ ಲೆಕ್ಕವೆಲ್ಲ ಹಾಳು. ಅದಕ್ಕೇ ಪ್ರತಿಯೊಂದು ಹಂತದ ಮೊತ್ತವೂ ಫ್ಲಾಪಿಯ ಮೇಲೆ ಉಳಿಯುವ ಹಾಗೆ ಬರೆದಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಅಂದು ಮೇಷ್ಟ್ರು ಸುಳ್ಳು ಎಂದ ಬೆನ್ನಿಗೇ ಕರೆಂಟು ಹೋಯಿತು. ಎದುರಿನ ಹೋಟೆಲಿನಲ್ಲಿ ಟೀ ಹೇಳಿ ಕೂತೆವು. ಮೇಷ್ಟ್ರ ಮಾತು ಯಾವಾಗಲೂ ಜೋರು. ನಾಲ್ಕು ಜನರಿರುವ ಕಡೆ ಅದು ಇನ್ನಷ್ಟು ಜೋರಾಗುತ್ತಿತ್ತು.

"ಬರೋವಾಗ ಫ್ಯಾಕ್ಟ್ರಿ ಗೇಟ್ ತಾವ ನೋಡಿದ್ರಾ? ಕಬ್ಬಿನ ಗಾಡಿ ಏಟುದ್ದ ನಿಂತವೆ? ಗಾಡಿ ಜಾಸ್ತಿ ಬಂದ್ರೆ ಕಬ್ಬು ಜಾಸ್ತಿ ಅರೀತದಾ ಮೇಡಂ?"

"ಅದಕ್ಕೂ ಇದಕ್ಕೂ ಏನು ಸಂಬಂಧ ಮೇಷ್ಟ್ರೇ?"

"ಇದೆಯಲ್ಲ. ಒಂದು ಗಾಡಿ ಇಳ್ಸಕೆ ಇಷ್ಟೊತ್ತು ಅಂತ ಬೇಕು. ಇಂದ್ಗಡೆಯಿಂದ ಏಟು ನೂಕುದ್ರೂ ಅಷ್ಟೇಯ. ಆಕ್ಸಿಯಾನು ಒರಗೆ ಬರಕೂವೆ ವಸಿ ಒತ್ತು ಬೇಕು. ಅಷ್ಟ್ರಲ್ಲಿ ಇನ್ನೊಂದು ನ್ಯೂಟ್ರಾನು ಬಂದು ಗುದ್ದಿ ಸ್ಪಿನ್ನು ತಿರುಗ್ಸಿಬುಟ್ರೆ? ಶುರುವಾಗಿದ್ದು ಅಲ್ಲೇ ಅಳ್ಸೋಯ್ತದೆ. ಅಷ್ಟು ಸಾಂದ್ರ ಆದ್ಮೇಲೆ ನಿಮ್ಮ ಗೆರೆ ಮೇಲಕ್ಕೆ ಓಗಕಿಲ್ಲ. ಬಾಗ್ಬೇಕು."

ಹೋಟೆಲಿನ ಬಿಲ್ಲಿನ ಚೀಟಿಯ ಹಿಂದೆ ಒಂದು ಗೆರೆ ಎಳೆದು ತೋರಿಸಿದರು. ಏರುತ್ತ ಹೋಗಿ ನಿಧಾನಕ್ಕೆ ಮಟ್ಟಸವಾಗುವ ಗೆರೆ.

"ಇದನ್ನ ಎಲ್ಲಿಂದ ತಂದ್ರಿ? ಸೂತ್ರ ಎಲ್ಲಿ?"

"ಸೂತ್ರ ಇನ್ನೂವೆ ಬಂದಿಲ್ಲ. ಹಳೇ ಸೂತ್ರದ ಛೇದಕ್ಕೆ ಅಗಲ ಅಂತ ಒಂದು ಸಂಖ್ಯೆ ಸೇರ್ಸಿದೀನಿ, ಡಿಕ್ಕಿ ಏಟು ಜಾಸ್ತಿ ಆಯ್ತವೋ ಅಷ್ಟು ಅಗಲ. ಆದ್ರೆ ಅದು ಇಂಗೇ ಇರ್ಬೇಕು ಕಣೇಳಿ."

"ಇರಬೇಕು ಅನ್ನೋದನ್ನ ಪೇಪರಿನಲ್ಲಿ ಬರೆಯೋಕಾಗಲ್ಲ."

ಹೀಗೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೈಯಿಂದ ಸೇರಿಸಿದ ಅಗಲಕ್ಕೆ ಆಧಾರ ಕೇಳುವುದು ನ್ಯಾಯವೇ. ಅದಲ್ಲದೆ ಮೇಷ್ಟ್ರು ಬೀಜಗಣಿತದಲ್ಲಿ ಆಗಾಗ ಎರಡರ ಗುಣಕ ಬಿಡುತ್ತಿದ್ದರು, ಚಿಹ್ನೆ ತಪ್ಪಿಸುತ್ತಿದ್ದರು, ಅದನ್ನೆಲ್ಲ ಹುಡುಕಿ ಸರಿಮಾಡುತ್ತಿದ್ದವಳು ನಾನು. ವಾದ ಬೆಳೆಯಿತು. ನಾನು ಆ ಗುಣಕಗಳ ಮಾತು ತೆಗೆದೆ. ಅವರ ಮುಖ ಕೆಂಪಾಯಿತು.

"ನಿಮ್ಗೆ ಪ್ರೋಗ್ರಾಮು ಬರ್ಯಕೆ ಬತ್ತದೆ ಮೇಡಂ. ಅಷ್ಟೇಯ. ಒಳಗಡೆ ಏನು ನಡೀತದೆ ಅಂತ ನಿಮ್ಮ ಕಣ್ಗೆ ಕಾಣಕಿಲ್ಲ!"

ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಎದ್ದು ಬಸ್ ನಿಲ್ದಾಣಕ್ಕೆ ಬಂದುಬಿಟ್ಟೆ.

ಮುಂದಿನ ವಾರ ಮೈಸೂರಿನಲ್ಲಿ ಪ್ರೊಫೆಸರನ್ನು ಕಂಡಾಗ ಅವರು ನನ್ನ ಗ್ರಾಫ್ ನೋಡಿ ಸಂತೋಷಪಟ್ಟರು. ನಿವೃತ್ತಿಗೆ ಹತ್ತಿರವಾಗಿದ್ದವರು. ಅವರ ಕೈಕೆಳಗೆ ಬಹಳ ದಿನದಿಂದ ಹೇಳಿಕೊಳ್ಳುವಂಥ ಫಲಿತಾಂಶ ಬಂದಿರಲಿಲ್ಲ. "ನಿಮ್ಮ ಜೊತೆಯವರು ಏನಂತಾರೆ?" ಎಂದು ಕೇಳಿದರು.

ಆಗ ನಾನು ಹೇಳಬಹುದಾಗಿದ್ದ ಮಾತು ಸರಳವಾಗಿತ್ತು. ಅವರು ಒಪ್ಪುತ್ತಿಲ್ಲ, ಅವರ ಆಕ್ಷೇಪ ಹೀಗಿದೆ, ಅದಕ್ಕೆ ಇನ್ನೂ ಆಧಾರ ಸಿಕ್ಕಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು ಬೇರೆ. "ಅವರಿಗೆ ಈ ವಿಷಯದ ಹಿಡಿತವೇ ಇಲ್ಲ ಸಾರ್."

ಪ್ರೊಫೆಸರು ಹೌದೇ ಎಂಬಂತೆ ತಲೆ ಆಡಿಸಿದರು. ಮತ್ತೇನೂ ಕೇಳಲಿಲ್ಲ. ಸ್ವಲ್ಪ ದಿನಗಳಲ್ಲಿ ಮೇಷ್ಟ್ರಿಗೆ ಬೇರೆ ವಿಷಯ ಹುಡುಕಿಕೊಳ್ಳುವಂತೆ ಸೂಚನೆ ಹೋಯಿತು ಎಂದು ತಿಳಿಯಿತು. ಅವರು ಪಾಂಡವಪುರಕ್ಕೆ ಬರುವುದನ್ನು ನಿಲ್ಲಿಸಿದರು. ಭಾನುವಾರಗಳಂದು ಯಂತ್ರದ ಮುಂದೆ ನಾನೊಬ್ಬಳೇ ಕೂರತೊಡಗಿದೆ. ಗದ್ದಲವಿಲ್ಲದೆ ಕೆಲಸ ಬೇಗ ಸಾಗುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರೊಫೆಸರ ಹೆಸರು, ನನ್ನ ಹೆಸರು ಸೇರಿಸಿ ಒಂದು ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಿದೆವು. ಪತ್ರಿಕೆಯವರು ಸಣ್ಣಪುಟ್ಟ ಪ್ರಶ್ನೆ ಕೇಳಿ ಒಪ್ಪಿಕೊಂಡರು. ಬೆಂಗಳೂರಿನಲ್ಲಿ ನಡೆಯಲಿದ್ದ ಒಂದು ವಿಚಾರ ಸಂಕಿರಣದಲ್ಲಿ ಅದನ್ನು ಮಂಡಿಸಲು ನನಗೆ ಅವಕಾಶವೂ ಬಂತು.

ಅದರ ತಯಾರಿಯಲ್ಲಿದ್ದಾಗ ವಿಷಯ ತಿರುಗಿತು. ಸಭೆಯಲ್ಲಿ ಯಾರಾದರೂ ಕೊಕ್ಕೆ ಪ್ರಶ್ನೆ ಕೇಳಿದರೆ ಏನು ಹೇಳುವುದು ಎಂದು ಒಂದೊಂದೇ ಪರೀಕ್ಷೆ ಮಾಡಿಟ್ಟುಕೊಳ್ಳುತ್ತಿದ್ದೆ. ಅವುಗಳಲ್ಲಿ ಒಂದು ಬಹಳ ಸಾಮಾನ್ಯವಾದದ್ದು. ಪ್ರತಿಯೊಂದು ನ್ಯೂಟ್ರಾನಿನ ಸ್ಪಿನ್‌ಗೂ ಒಂದು ಗೊತ್ತಾದ ಅಳತೆಯಿದೆ. ಅದು ನಿಧಾನವಾಗಿ ಅಲುಗಲಿ, ವೇಗವಾಗಿ ಅಲುಗಲಿ, ಎಲ್ಲ ಅಲುಗಾಟಗಳನ್ನೂ ಕೂಡಿದರೆ ಬರುವ ಮೊತ್ತ ನ್ಯೂಟ್ರಾನ್‌ಗಳ ಸಂಖ್ಯೆಯನ್ನು ಮೀರಿ ಬೆಳೆಯುವಂತಿಲ್ಲ. ಯಾವ ವೇಗದ ಅಲುಗಾಟ ಎಷ್ಟು ಎಂದು ಬೇರೆಯೇ ಗ್ರಾಫ್ ಎಳೆದರೆ ಅದರ ಗೆರೆಯ ಕೆಳಗಿನ ಜಾಗ ಯಾವಾಗಲೂ ಅಷ್ಟೇ ಇರಬೇಕು.

ಅಂದು ಕಾಲೇಜಿಗೆ ರಜ. ಮನೆಯ ಪಡಸಾಲೆಯಲ್ಲಿ ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಕೂತಿದ್ದೆ. ಸಿಂಧಘಟ್ಟದಿಂದ ಬಂದಿದ್ದ ಅತ್ತೆ ಎದುರಿಗೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸಾಂದ್ರತೆ ಕಡಿಮೆ ಇರುವಲ್ಲಿ ಕೂಡಿದೆ, ಮೊತ್ತ ಮಿತಿಯೊಳಗೇ ಇತ್ತು. ನಕ್ಷತ್ರದ ತಿರುಳಿನ ಸಾಂದ್ರತೆಗೆ ಬಂದೆ. ಮೊತ್ತ ಮಿತಿಯನ್ನು ದಾಟಿತು. ನನ್ನ ಸೂತ್ರ ತೀರ ನಿಧಾನದ ಅಲುಗಾಟಗಳ ಕಡೆ ಬೇಕಾಬಿಟ್ಟಿ ಬೆಳೆಯುತ್ತದೆಂದು ಗೊತ್ತಿತ್ತು. ಆ ತುದಿಯನ್ನು ಪೂರ್ತಿ ಬಿಟ್ಟು ಕೂಡಿದೆ. ಆಗಲೂ ದಾಟಿತು. ಕೂಡುವ ಹೆಜ್ಜೆ ಸಣ್ಣದು ಮಾಡಿದೆ. ಅಳತೆಯ ಮಾನಗಳನ್ನು ತಿರುಗಿ ನೋಡಿದೆ. ಎಲ್ಲೋ ಎರಡರ ಗುಣಕ ಬಿಟ್ಟಿರಬೇಕೆಂದು ಹುಡುಕಿದೆ. ಈ ಸಲ ಎಲ್ಲೂ ಬಿಟ್ಟಿರಲಿಲ್ಲ. ಇರುವ ನ್ಯೂಟ್ರಾನ್‌ಗಳು ಅಲುಗಾಡಲು ಸಾಧ್ಯವಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಅಲುಗಾಟವನ್ನು ನನ್ನ ಲೆಕ್ಕ ಹೇಳುತ್ತಿತ್ತು.

ಆಮೇಲೆ ಮೇಷ್ಟ್ರು ಹೇಳಿದ ಅಗಲವನ್ನು ಸೇರಿಸಿ ನೋಡಿದೆ. ಬೇಡ ಬೇಡ ಎನ್ನುತ್ತಲೇ ಸೇರಿಸಿದೆ. ಮೊತ್ತ ಮಿತಿಗೆ ಸರಿಯಾಗಿ ಬಂದು ನಿಂತಿತು. ಅಗಲ ಹೆಚ್ಚಿಸಿದೆ, ಆಗಲೂ ಅಷ್ಟೇ. ಇನ್ನೂ ಹೆಚ್ಚಿಸಿದೆ, ಆಗಲೂ ಅಷ್ಟೇ. ಆಕ್ಸಿಯಾನ್‌ಗಳ ಗೆರೆ ಏರಿ, ನಿಧಾನಕ್ಕೆ ಬಾಗಿ, ಹೋಟೆಲಿನ ಚೀಟಿಯ ಹಿಂದೆ ಅವರು ಎಳೆದಿದ್ದ ಆಕಾರಕ್ಕೇ ಬಂತು.

ನಾಚಿಕೆಯಾಯಿತು. ಲೆಕ್ಕ ತಪ್ಪಿದ್ದಕ್ಕಲ್ಲ. ಆ ಸೂತ್ರವನ್ನು ದೊಡ್ಡ ದೊಡ್ಡವರೂ ಬಳಸುತ್ತಿದ್ದರು. ಪ್ರೊಫೆಸರ ಕೋಣೆಯಲ್ಲಿ ನಾನು ಆಡಿದ ಮಾತು ನನ್ನದೇ ದನಿಯಲ್ಲಿ ಕಿವಿಗೆ ಬಿತ್ತು.

"ಯಾಕಮ್ಮಿ, ಮಕ ಇಂಗಾಗದೆ?" ಅತ್ತೆ ಕೇಳಿದರು.

"ಒಬ್ಬರಿಗೆ ಏನೂ ಬರಲ್ಲ ಅಂತ ಹೇಳಿಬಿಟ್ಟಿದ್ದೆ ಅತ್ತೆ. ಅವರು ಹೇಳಿದ್ದೇ ಸರಿಯಾಗಿದೆ."

"ಯಾರ್ ತಾವ ಯೇಳಿದ್ದೆ?"

"ನಮ್ಮ ಪ್ರೊಫೆಸರ ಹತ್ರ."

ಅತ್ತೆ ಸ್ವಲ್ಪ ಯೋಚಿಸಿದರು. "ಈಗ ಸರಿಯಾಗದೆ ಅಂತ ನಿಂಗ್ ಬುಟ್ರೆ ಇನ್ಯಾರ್ಗಾರ ಗೊತ್ತಾ?"

"ಇಲ್ಲ."

"ಮತ್ತಿನ್ನೇನು? ಸುಮ್ಕಿದ್ಬುಡು. ಯಾರ್ಗೂ ಗೊತ್ತಾಗಕಿಲ್ಲ." ಮತ್ತೆ ಅವರೆಕಾಯಿಗೆ ಕೈ ಹಾಕಿದರು. ನನ್ನ ಒಳ್ಳೆಯದಕ್ಕೆಂದೇ ಹೇಳಿದ್ದರು. ಆ ಮಾತು ನನಗೂ ಒಂದು ಗಳಿಗೆ ಹಿತವಾಗಿ ಕಂಡಿತು.

ಮರುದಿನ ಮೈಸೂರಿಗೆ ಹೋಗಿ ಪ್ರೊಫೆಸರ ಮುಂದೆ ಲೆಕ್ಕ ಹರಡಿದೆ. ಮೊತ್ತ ಮಿತಿ ಮೀರುವುದನ್ನು ತೋರಿಸಿದೆ. ಅಗಲ ಸೇರಿಸಿದರೆ ಸರಿಹೋಗುವುದನ್ನೂ ತೋರಿಸಿದೆ. ಅಗಲ ಯಾರ ಯೋಚನೆ ಎಂದು ಹೇಳಲಿಲ್ಲ. ಹೇಳಬೇಕೆಂದೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿಮ್ಮ, ಪ್ರಪಂಚದಲ್ಲಿ ಎಲ್ಲರೂ ಇದೇ ಸೂತ್ರ ಬಳಸ್ತಿದ್ದಾರೆ. ತಪ್ಪಿದ್ರೆ ಎಲ್ಲರದೂ ತಪ್ಪು. ನಾವೊಬ್ಬರೇ ಯಾಕೆ ತಲೆ ಕೊಡೋಣ? ಈ ಸಲ ಇರೋದನ್ನ ಹೇಳಿ ಬನ್ನಿ. ಆಮೇಲೆ ನಿಧಾನವಾಗಿ ನೋಡೋಣ."

ಕೋಣೆಯಿಂದ ಹೊರಗೆ ಬರುವಾಗ ನನಗೆ ನಿರಾಳವೆನಿಸಿತು. ಆ ನಿರಾಳವನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಹಿರಿಯರೇ ಹೇಳಿದ ಮೇಲೆ ನನ್ನದೇನಿದೆ ಎಂದುಕೊಂಡೇ ಬಸ್ಸು ಹತ್ತಿದ್ದೆ. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಆ ನಿರಾಳ ಇಳಿದುಹೋಗಿತ್ತು. ಅಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಸ್ಪಿನ್ ಗೊತ್ತಿಲ್ಲ, ಆಕ್ಸಿಯಾನ್ ಗೊತ್ತಿಲ್ಲ. "ಅವರನ್ನ ಹೋಗಿ ನೋಡಿದೆಯಾ?" ಎಂದು ಮಾತ್ರ ಕೇಳಿದರು.

ಹೋದೆ. ನಾಗಮಂಗಲದಲ್ಲಿ ಇಳಿದು ಕಾಲೇಜಿನ ರಸ್ತೆ ಹಿಡಿದೆ. ತರಗತಿ ಬಿಟ್ಟಿತ್ತು. ಗೇಟಿನ ಬಳಿ ಮೇಷ್ಟ್ರು ಹುಡುಗರ ಗುಂಪಿನ ನಡುವೆ ನಿಂತು ಕೈ ಬೀಸಿ ಏನನ್ನೋ ವಿವರಿಸುತ್ತಿದ್ದರು. ಅವರ ದನಿ ರಸ್ತೆಯವರೆಗೂ ಕೇಳುತ್ತಿತ್ತು. ಹುಡುಗರು ನಗುತ್ತಿದ್ದರು. ಹೋಟೆಲಿನಲ್ಲಿ ಅವರು ಕೂಗಾಡಿದಾಗಿನ ದನಿಯೂ ಅದೇ ಆಗಿತ್ತು. ಅದನ್ನು ನಾನು ಒರಟುತನವೆಂದು ತಿಳಿದಿದ್ದೆ. ಗೇಟಿನವರೆಗೂ ಹೋಗಲಿಲ್ಲ. ನಿಲ್ದಾಣಕ್ಕೆ ವಾಪಸು ಬಂದು, ಬಂದ ಬಸ್ಸಿನಲ್ಲೇ ಹಿಂದಿರುಗಿದೆ.

ಎರಡನೆಯ ಸಲ ಹೋದಾಗ ನೇರ ಅವರ ವಿಭಾಗಕ್ಕೆ ಹೋಗಿ ಬಾಗಿಲಲ್ಲಿ ನಿಂತೆ, ಹಿಂದಕ್ಕೆ ಹೆಜ್ಜೆ ಇಡಲು ಅವಕಾಶವಿಲ್ಲದ ಹಾಗೆ. ಒಬ್ಬರೇ ಕೂತು ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕುತ್ತಿದ್ದರು. ತಲೆ ಎತ್ತಿದವರು ಆಶ್ಚರ್ಯವನ್ನು ತೋರಿಸಿಕೊಳ್ಳಲಿಲ್ಲ. "ಬನ್ನಿ ಮೇಡಂ, ಕುಂತ್ಕಳಿ," ಅಂದು ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿಟ್ಟರು.

ನಾನು ಕೂರಲಿಲ್ಲ. "ನೀವು ಹೇಳಿದ್ದೇ ಸರಿ ಮೇಷ್ಟ್ರೇ. ಗೆರೆ ಬಾಗುತ್ತೆ. ನನ್ನದು ತಪ್ಪು."

ಅವರು ಪೆನ್ನಿನ ಮುಚ್ಚಳ ಹಾಕಿದರು. "ತಪ್ಪು ಲೆಕ್ಕ ಮಾಡಿದ್ದುಕ್ಕೆ ನಂಗೆ ಬೇಜಾರಿಲ್ಲ. ಲೆಕ್ಕ ಅಂದ್ಮೇಲೆ ತಪ್ತದೆ, ನಾನೂ ಏಸು ಸಲ ತಪ್ಪಿದೀನಿ. ಇಡಿತವೇ ಇಲ್ಲ ಅಂದ್ರಂತಲ್ಲ ಸಾರ್ ತಾವ, ಅದು."

ಆ ಮಾತು ಅವರಿಗೆ ಮುಟ್ಟಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಪ್ರೊಫೆಸರು ಸೂಚನೆಯ ಪತ್ರದಲ್ಲಿ ನನ್ನ ಹೆಸರು ಹೇಳಿಯೇ ಅವರಿಗೆ ತಿಳಿಸಿದ್ದರು. ಇಷ್ಟು ದಿನ ಅವರು ಅದನ್ನು ಹೊತ್ತುಕೊಂಡು ತರಗತಿಗೆ ಹೋಗಿ ಬಂದಿದ್ದರು.

"ಅಂದೆ," ಎಂದೆ.

"ಪಿಎಚ್.ಡಿ.ಗೆ ಸೇರಿದ್ದನ್ನ ಬುಟ್ಬುಟ್ಟೆ. ಬ್ಯಾರೆ ವಿಸ್ಯ ಇಡ್ಕೊಂಡು ಮೊದ್ಲಿಂದ ಸುರು ಮಾಡಕೆ ನನ್ ಕೈಲಾಗಕಿಲ್ಲ ಅಂತ ಬರ್ದು ಕೊಟ್ಬುಟ್ಟೆ."

ನಾನು ಕಿಟಕಿಯ ಕಡೆ ನೋಡುತ್ತ ನಿಂತೆ. ಆಮೇಲೆ ಅವರೇ ಕೇಳಿದರು, ಇಷ್ಟವಿಲ್ಲದವರ ಹಾಗೆ: "ಬಾಗ್ತದೆ ಅಂತ ಎಂಗ್ ಗೊತ್ತಾಯ್ತು ನಿಮ್ಗೆ?"

"ಸ್ಪಿನ್ ಅಲುಗಾಟದ ಗೆರೆ ಕೆಳಗಿನ ಜಾಗ ಕೂಡಿ ನೋಡಿದೆ. ನನ್ನದು ಮಿತಿ ದಾಟುತ್ತೆ. ನಿಮ್ಮ ಅಗಲ ಹಾಕಿದ್ರೆ ಎಷ್ಟು ಅಗಲ ಮಾಡಿದ್ರೂ ಮೊತ್ತ ಕದಲೋದೇ ಇಲ್ಲ."

ಅವರು ಕೂತಲ್ಲಿಂದ ಎದ್ದುಬಿಟ್ಟರು. "ಕದಲಕಿಲ್ವಾ?"

"ಇಲ್ಲ."

"ಅಯ್ಯೋ, ಅದೇ ಕಣೇಳಿ ನಂಗೆ ಬೇಕಾಗಿದ್ದು! ಅಗಲ ಸೇರ್ಸಕೆ ಅದೇ ಆಧಾರ!"

ಪಕ್ಕದ ಖಾಲಿ ತರಗತಿಗೆ ಹೋಗಿ ಸೀಮೆಸುಣ್ಣ ಹಿಡಿದರು. ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು. ಮಧ್ಯದಲ್ಲಿ ಒಂದು ಎರಡರ ಗುಣಕ ಬಿಟ್ಟರು. ನಾನು ಸುಮ್ಮನಿದ್ದೆ. ಅವರೇ ತಿರುಗಿ ನನ್ನ ಮುಖ ನೋಡಿ, ಹಲಗೆ ನೋಡಿ, ಅದನ್ನು ಸೇರಿಸಿದರು. ಅವರ ಊಹೆ, ನನ್ನ ಪರೀಕ್ಷೆ, ಎರಡೂ ಒಂದಕ್ಕೊಂದು ಆತುಕೊಂಡು ನಿಂತವು. ಹೋಟೆಲಿನಲ್ಲಿ ಜಗಳವಾಡಿದ ಆ ದಿನವೇ ನಾನು ಹೀಗೊಂದು ಹಲಗೆಯ ಮುಂದೆ ಅವರ ಜೊತೆ ನಿಲ್ಲಬಹುದಾಗಿತ್ತು. ಹುಡುಗರು ತರಗತಿಗೆ ಬರತೊಡಗಿದಾಗ ಅವರು ಹಲಗೆ ಒರೆಸಲಿಲ್ಲ. ಕೈಯ ಪುಡಿ ಕೊಡವಿಕೊಂಡು ನನ್ನ ಕಡೆ ತಿರುಗಿದರು. ಮುಖ ಮತ್ತೆ ಬಿಗಿಯಾಗಿತ್ತು.

"ನನ್ ಹೆಸ್ರು ಆಕೋದು ಬುಡೋದು ಆಮೇಲಿನ ಮಾತು. ಮೊದ್ಲು ಆ ಸುಳ್ಳು ಗೆರೆ ತೆಗೀರಿ."

ವಾಪಸು ಬರುವ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಪತ್ರಿಕೆಗೆ ಬರೆದು ಲೇಖನದ ಮುದ್ರಣ ನಿಲ್ಲಿಸುವುದು. ಬೆಂಗಳೂರಿನಲ್ಲಿ ಎರಡೂ ಗೆರೆಗಳನ್ನು ತೋರಿಸಿ ಮೊದಲನೆಯದು ತಪ್ಪು ಎಂದು ಹೇಳುವುದು. ಪ್ರೊಫೆಸರು ಒಪ್ಪಲು ಬಹಳ ಹೊತ್ತು ತೆಗೆದುಕೊಂಡರು. "ನಿವೃತ್ತಿಯ ವರ್ಷದಲ್ಲಿ ಹೀಗೆ ಮಾಡಿಸ್ತೀರಲ್ಲ," ಎಂದರೇ ಹೊರತು ಗದರಲಿಲ್ಲ. ಪತ್ರಿಕೆಗೆ ಬರೆದ ಪತ್ರಕ್ಕೆ ಸಹಿ ಹಾಕುವಾಗ ಅವರ ಕೈಯನ್ನು ನೋಡಲಾರದೆ ಗೋಡೆ ನೋಡಿದೆ. ಎರಡನೆಯ ಗೆರೆ ನಾಗಮಂಗಲದ ಮೇಷ್ಟ್ರದು ಎಂದು ಅಂದು ಹೇಳಿದೆ. ಆದರೆ ಅದನ್ನು ಅವರು ಮೊದಲೇ ಹೇಳಿದ್ದರೆಂದು ಹೇಳಲಿಲ್ಲ. ಈಗ ಹೊಸದಾಗಿ ಇಬ್ಬರೂ ಕೂತು ಕಂಡುಕೊಂಡ ಹಾಗೆ ಮಾತಾಡಿದೆ. ಸೂತ್ರದ ತಪ್ಪನ್ನು ಎಷ್ಟು ಸಲ ಬೇಕಾದರೂ ಒಪ್ಪಿಕೊಳ್ಳಲು ನಾನು ತಯಾರಿದ್ದೆ. ಆ ಒಂದು ಮಾತಿನ ಹತ್ತಿರ ಬಂದಾಗ ನಾಲಿಗೆ ಪಕ್ಕಕ್ಕೆ ಸರಿದುಬಿಡುತ್ತಿತ್ತು.

ಬೆಂಗಳೂರಿನಲ್ಲಿ ನಾನು ಹೇಳಿದ್ದನ್ನು ಜನ ಗಮನವಿಟ್ಟು ಕೇಳಿದರು. ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು ಸೌಜನ್ಯದಿಂದಲೇ ಹೇಳಿದರು: ಈ ದಾರಿ ಸರಿಯಾದದ್ದು, ಆದರೆ ಹೊರದೇಶದವರು ಇದೇ ವಾದವನ್ನು ಮುಂದಿಟ್ಟಿರುವ ಲೇಖನವೊಂದು ಇದೀಗ ತಮ್ಮ ಕೈಗೆ ಬಂದಿದೆ. ಸಭೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಪಾಂಡವಪುರದಲ್ಲಿ ನಾನೊಬ್ಬಳೇ ನೆಮ್ಮದಿಯಾಗಿ ಕೆಲಸ ಮಾಡಿದ ಭಾನುವಾರಗಳೆಲ್ಲ ನೆನಪಾದವು. ಇದನ್ನು ಮೊದಲಿಗರಾಗಿ ಹೇಳಲು ಮೇಷ್ಟ್ರಿಗೆ ಬೇಕಾಗಿದ್ದ ಆ ಕಾಲವನ್ನೇ ನಾನು ಅವರ ಕೈಯಿಂದ ಕಿತ್ತುಕೊಂಡಿದ್ದೆ.

ಆದರೂ ಹೊಸ ಲೇಖನ ಬರೆದೆವು. ಮೂವರ ಹೆಸರು, ಮೊದಲು ಮೇಷ್ಟ್ರದು. ಅವರು ಬೇಡವೆಂದರೂ ನಾನು ಬಿಡಲಿಲ್ಲ. ಕೆಲವು ತಿಂಗಳ ಮೇಲೆ ಪತ್ರಿಕೆಯ ಉತ್ತರ ಬಂತು. ಲೆಕ್ಕ ಸರಿಯಾಗಿದೆ, ಆದರೆ ಈ ಸಂಗತಿ ಈಗಾಗಲೇ ತಿಳಿದದ್ದು, ಆದ್ದರಿಂದ ಪ್ರಕಟಿಸಲಾಗುವುದಿಲ್ಲ. ಅದನ್ನು ಹಿಡಿದುಕೊಂಡು ನಾಗಮಂಗಲಕ್ಕೆ ಹೋದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ.

ಮೇಷ್ಟ್ರು ಓದಿದರು. ಮೊದಲ ಸಾಲನ್ನೇ ಇನ್ನೊಮ್ಮೆ ಓದಿದರು. "ಸರಿಯಾಗದೆ ಅಂತ ಬರ್ದವ್ರಲ್ಲ ಮೇಡಂ," ಎಂದು ಮುಖ ಅರಳಿಸಿದರು. ಉಳಿದ ಸಾಲುಗಳು ಅವರ ಲೆಕ್ಕಕ್ಕೇ ಇರಲಿಲ್ಲ. "ಸಾರ್‌ಗೆ ತೋರ್ಸಿದ್ರಾ?"

"ಇನ್ನೂ ಇಲ್ಲ. ತೋರಿಸ್ತೀನಿ."

"ಬ್ಯಾಡಿ. ನಾನೂ ಬತ್ತೀನಿ. ಇಬ್ರೂ ಓಗಮ."

ಪ್ರೊಫೆಸರು ನಿವೃತ್ತಿಯ ತಯಾರಿಯಲ್ಲಿ ಕೋಣೆಯ ಪುಸ್ತಕಗಳನ್ನು ರಟ್ಟಿನ ಡಬ್ಬಿಗಳಿಗೆ ತುಂಬಿಸುತ್ತಿದ್ದರು. ಮೇಷ್ಟ್ರನ್ನು ಕಂಡು ಅವರಿಗೂ ಸ್ವಲ್ಪ ಮುಜುಗರವಾಯಿತು. ಉತ್ತರವನ್ನು ಓದಿ ಮಡಿಸಿಟ್ಟರು. ಮೇಷ್ಟ್ರು ನಿಂತುಕೊಂಡೇ ಇಡೀ ವಾದವನ್ನು ಮೊದಲಿಂದ ಹೇಳಿದರು. ಅಂದು ಅವರ ದನಿ ಜೋರಾಗಿರಲಿಲ್ಲ. ಪ್ರೊಫೆಸರು ಕೇಳುತ್ತ ಕೇಳುತ್ತ ಮುಂದಕ್ಕೆ ಬಾಗಿದರು.

"ಇಷ್ಟು ಸ್ಪಷ್ಟವಾಗಿ ಗೊತ್ತಿದ್ರೆ ಅವತ್ತೇ ಯಾಕೆ ಹೇಳಲಿಲ್ಲ ನೀವು?"

ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. "ಅವತ್ತು ನಂಗೇ ಸರ್ಯಾಗಿ ಗೊತ್ತಿರ್ನಿಲ್ಲ ಸಾರ್."

ಅವರು ನನ್ನನ್ನು ಕಾಪಾಡುತ್ತಿದ್ದರು. ನಾನು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು.

"ಅವರು ಹೇಳಿದ್ರು ಸಾರ್," ಎಂದೆ. "ನನಗೆ ಹೇಳಿದ್ರು, ಪಾಂಡವಪುರದಲ್ಲೇ. ಅದನ್ನ ನಿಮ್ಮ ಹತ್ರ ಬರೋಕೆ ಬಿಡದವಳು ನಾನು. ಹಿಡಿತ ಇಲ್ಲ ಅಂತ ಅವತ್ತು ನಾನು ಅಂದಿದ್ದು ಲೆಕ್ಕ ನೋಡಿ ಅಂದ ಮಾತಲ್ಲ. ನಾಲ್ಕು ಜನರ ಮುಂದೆ ನನ್ನ ಮೇಲೆ ಕೂಗಿದ್ರು ಅನ್ನೋ ಸಿಟ್ಟಿಗೆ ಅಂದದ್ದು."

ಪ್ರೊಫೆಸರು ನನ್ನನ್ನು ಬಯ್ಯಲಿಲ್ಲ. ಮೇಷ್ಟ್ರ ಕಡೆ ತಿರುಗಿ, "ನಾನೂ ನಿಮ್ಮನ್ನ ಕರೆದು ಒಂದು ಮಾತು ಕೇಳಬಹುದಿತ್ತು," ಎಂದರು. ಬೇರೆಯವರ ಕೈಕೆಳಗೆ ಮತ್ತೆ ಸೇರಿಕೊಳ್ಳಿ, ನಾನು ಹೇಳುತ್ತೇನೆ ಎಂದು ಒತ್ತಾಯ ಮಾಡಿದರು. ಮೇಷ್ಟ್ರು ಕೈ ಮುಗಿದರು. "ಆಯ್ತು ಸಾರ್, ನೋಡ್ತೀನಿ," ಎಂದರು. ಸೇರಿಕೊಳ್ಳಲಿಲ್ಲ.

ನಾನು ಮುಂದುವರಿಸಿದೆ. ಆಕ್ಸಿಯಾನ್‌ನ ಮಿತಿಯನ್ನು ಬಾಗಿದ ಗೆರೆಯಿಂದ ಮತ್ತೆ ಲೆಕ್ಕ ಮಾಡಿ, ಅದು ಮೊದಲು ಹೇಳಿದ್ದಕ್ಕಿಂತ ಎಷ್ಟು ಸಡಿಲವಾಗುತ್ತದೆ ಎಂದು ತೋರಿಸಿ ಪ್ರಬಂಧ ಬರೆದೆ. ಆ ಅಧ್ಯಾಯದ ಮೂಲ ಯೋಚನೆ ಯಾರದೆಂದು ಮೊದಲ ಪುಟದಲ್ಲೇ ಬರೆದೆ. ಮೌಖಿಕ ಪರೀಕ್ಷೆಯಲ್ಲೂ ಹೇಳಿದೆ. ಕೇಳಿದವರು ತಲೆಯಾಡಿಸಿದರು. ಡಾಕ್ಟರೇಟ್ ಪದವಿ ಬಂದದ್ದು ನನಗೆ.

ಕೆಲವು ವರ್ಷಗಳ ಮೇಲೆ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದಾಗ ನನ್ನನ್ನೂ ಮೇಷ್ಟ್ರನ್ನೂ ಒಂದೇ ಮೇಜಿಗೆ ಹಾಕಿದ್ದರು. ಅಕ್ಕಪಕ್ಕ ಕೂತು ತಿದ್ದುತ್ತಿದ್ದೆವು. ಕೂಡುವುದು ತಪ್ಪಿದ ಕಡೆ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದೆವು. ಬಾಗಿಲ ಬಳಿಯಿಂದ ಮೇಲ್ವಿಚಾರಕರು, "ಡಾಕ್ಟ್ರೇ, ಸ್ವಲ್ಪ ಬನ್ನಿ," ಎಂದು ಕರೆದರು. ನಾನು ಕೇಳಿಸದವಳಂತೆ ಪುಟ ತಿರುಗಿಸಿದೆ. ಅವರು ಇನ್ನೊಮ್ಮೆ ಕರೆದರು.

ಮೇಷ್ಟ್ರು ಪೆನ್ನು ಕೆಳಗಿಟ್ಟು, ಅವರಿಗೆ ಅಪರೂಪವಾದ ಮೆಲ್ಲನೆಯ ದನಿಯಲ್ಲಿ ಹೇಳಿದರು:

"ಕರೀತಾವ್ರೆ ಕಣೇಳಿ ಮೇಡಂ. ನಿಮ್ಮನ್ನೇಯ."